ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ನಾನು ಬಸ್ ಕಂಡಕ್ಟರ್. ದಾವಣಗೆರೆ–ಹುಬ್ಬಳ್ಳಿ ರೂಟು. ಹನ್ನೊಂದು ವರ್ಷದಿಂದ ಇನ್ಸುಲಿನ್ ತಗೊಳ್ಳುತ್ತಿದ್ದೇನೆ. ಬೆಳಿಗ್ಗೆ 20 ಯೂನಿಟ್, ರಾತ್ರಿ 12. ಮೊದಲ ನಾಲ್ಕು ವರ್ಷ ಈ ವಿಷಯ ಹೆಂಡತಿಗೆ ಮತ್ತು ಅಮ್ಮನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಶುರುವಾದಾಗ ನನಗೆ ಇಪ್ಪತ್ತೇಳು. ಸಕ್ಕರೆ ಕಾಯಿಲೆ ಅಂತ ಆರು ತಿಂಗಳು ಮಾತ್ರೆ ನುಂಗಿದೆ. ಶುಗರ್ ಇಳಿಯಲಿಲ್ಲ, ನಾನೇ ಇಳಿದುಹೋದೆ. ಅರವತ್ತೆಂಟು ಕೆ.ಜಿ. ಇದ್ದವನು ಐವತ್ನಾಲ್ಕಕ್ಕೆ ಬಂದೆ. ಆಮೇಲೆ ಇನ್ನೊಬ್ಬ ಡಾಕ್ಟರು ಬೇರೆ ರಕ್ತ ಪರೀಕ್ಷೆ ಮಾಡಿಸಿ, ಇದು ಟೈಪ್ 1, ನಿಮ್ಮ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಹೆಚ್ಚುಕಮ್ಮಿ ನಿಂತುಹೋಗಿದೆ, ಹೊರಗಿನಿಂದ ಕೊಡಲೇಬೇಕು ಅಂದರು. ಮನೆಗೆ ಬಂದು ಹೇಳಿದರೆ ಅಮ್ಮ ಅತ್ತೇಬಿಟ್ಟರು. ಇನ್ಸುಲಿನ್ ಅಂದರೆ ಕೊನೇ ಹಂತ ಅಂತಲೇ ನಮ್ಮ ಕಡೆ ನಂಬಿಕೆ. ನಿಜ ಹೇಳಬೇಕೆಂದರೆ ನನಗೆ ಎದ್ದು ಓಡಾಡುವ ಶಕ್ತಿ ಬಂದದ್ದೇ ಇನ್ಸುಲಿನ್ ಶುರುವಾದ ಮೇಲೆ.

ಕೆಲಸದ ಜಾಗದಲ್ಲಿ ಹೇಳಲಿಲ್ಲ. ಕೆಲಸಕ್ಕೆ ಏನಾದರೂ ತೊಂದರೆ ಆದರೆ ಅಂತ ಭಯ. ಆ ಭಯಕ್ಕೆ ಬೆಲೆ ತೆತ್ತದ್ದು ಒಂದು ಮೇ ತಿಂಗಳ ಮಧ್ಯಾಹ್ನ. ಹಾವೇರಿ ಹತ್ತಿರ ರಸ್ತೆ ಬ್ಲಾಕ್ ಆಗಿ ಬಸ್ಸು ಒಂದೂವರೆ ಗಂಟೆ ನಿಂತಿತು. ಬೆಳಿಗ್ಗೆ ಚುಚ್ಚಿಕೊಂಡ ಇನ್ಸುಲಿನ್ ಮಧ್ಯಾಹ್ನಕ್ಕೂ ಶುಗರ್ ಇಳಿಸುತ್ತಲೇ ಇರುತ್ತದೆ. ನಾವು ಉಂಡಿದ್ದೇವೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಟಿಕೆಟ್ ಮಷೀನಿನ ಅಂಕಿಗಳು ಒಂದರ ಮೇಲೊಂದು ಹತ್ತಿದಂತೆ ಕಂಡವು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಐವತ್ತು ರೂಪಾಯಿ ಚಿಲ್ಲರೆ ಕೊಡಬೇಕಾದವರಿಗೆ ಐನೂರು ಕೊಟ್ಟೆನಂತೆ. ಮಾತು ತೊದಲುತ್ತಿತ್ತು. "ಕುಡ್ಕೊಂಡು ಡ್ಯೂಟಿಗೆ ಬಂದಿದಾನೆ" ಅಂತ ಒಬ್ಬರು ಕೂಗಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಬಾಯಿ ತೆರೆದು ಉತ್ತರ ಕೊಡಲು ಆಗಲಿಲ್ಲ.

ಹಿಂದಿನ ಸೀಟಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದರು. "ನಮ್ಮಪ್ಪಂಗೂ ಹಿಂಗೇ ಆಗುತ್ತೆ, ಇವರಿಗೆ ಶುಗರ್ ಲೋ ಆಗಿದೆ" ಅಂದರು. ತಮ್ಮ ಮಗುವಿಗೆ ಅಂತ ಇಟ್ಟುಕೊಂಡಿದ್ದ ಮಾವಿನ ಹಣ್ಣಿನ ಜ್ಯೂಸಿನ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿ ನನ್ನ ಬಾಯಿಗಿಟ್ಟರು. ಹತ್ತು ನಿಮಿಷದಲ್ಲಿ ಕಣ್ಣು ತಿಳಿಯಾಯಿತು. ಅವರ ಹೆಸರೂ ಕೇಳಲಿಲ್ಲ ನಾನು. ರಾಣೆಬೆನ್ನೂರಲ್ಲಿ ಇಳಿದು ಹೋದರು.

ಅವತ್ತು ರಾತ್ರಿಯೇ ನಮ್ಮ ಡ್ರೈವರಣ್ಣನಿಗೆ ಎಲ್ಲ ಹೇಳಿದೆ. ಆತ ಒಂದೇ ಮಾತು ಕೇಳಿದ್ದು: "ಲೋ ಆದ್ರೆ ನಾನೇನು ಮಾಡ್ಬೇಕು?"

ನಾಲ್ಕು ವರ್ಷ ಮುಚ್ಚಿಟ್ಟಿದ್ದು ಈ ಒಂದು ಪ್ರಶ್ನೆಗಾ ಅನ್ನಿಸಿತು. ಈಗ ಸ್ಟೀರಿಂಗ್ ಪಕ್ಕದ ಗೂಡಿನಲ್ಲಿ ದೇವರ ಫೋಟೋ ಹಿಂದೆ ಸಕ್ಕರೆ ಪೊಟ್ಟಣ ಇರುತ್ತದೆ. ನನ್ನ ಶುಗರ್ ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಏರದಿದ್ದರೆ ಇನ್ನೊಮ್ಮೆ. ಆತನಿಗೆ ಇದು ನನಗಿಂತ ಚೆನ್ನಾಗಿ ಬಾಯಿಪಾಠ.

ಇನ್ನು ನಮ್ಮ ಬೆಂಚಿನ ಕಥೆ. ಶುಗರ್ ಇದ್ದವರಿಗೆ ಆ ಎರಡು ಗಂಟೆ ಗೊತ್ತಿರುತ್ತದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಕಾದು, ಮತ್ತೆ ರಕ್ತ ಕೊಡಬೇಕು. ಲ್ಯಾಬ್ ಮುಂದಿನ ಸಿಮೆಂಟ್ ಬೆಂಚಿನಲ್ಲಿ ಹಾಗೆ ಕಾಯುತ್ತಿದ್ದೆ. ಮೂರು ದಿನದಿಂದ ನನ್ನ ಶುಗರ್ 350ರಿಂದ ಕೆಳಗಿಳಿದಿರಲಿಲ್ಲ. ಊಟ ಬದಲಿಸಿಲ್ಲ, ಡೋಸ್ ತಪ್ಪಿಸಿಲ್ಲ, ಇನ್ಸುಲಿನ್ ಹೊಸದು. ತಲೆ ಕೆಟ್ಟುಹೋಗಿತ್ತು. ಪಕ್ಕದಲ್ಲಿ ಕೂತಿದ್ದ ರಿಟೈರ್ಡ್ ಟೀಚರಮ್ಮ ಒಬ್ಬರ ಹತ್ತಿರ ಸುಮ್ನೆ ಹೇಳಿಕೊಂಡೆ. "ನಿಮ್ಮ ಸಿರಿಂಜು ತೋರಿಸಿ" ಅಂದರು. ಬ್ಯಾಗಿನಿಂದ ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಮುಚ್ಚಳ ನೋಡಿದರು, ಅಷ್ಟೆ.

"ಇದು ಕಿತ್ತಳೆ ಬಣ್ಣ. ನಿಮಗೆ ಬೇಕಾದ್ದು ಕೆಂಪು."

ನಾನು ಬಳಸುವ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು ಒಂದು ಎಂ.ಎಲ್.ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ. ಬೇರೆ ಊರಿನ ಅಂಗಡಿಯಲ್ಲಿ ಅವಸರದಲ್ಲಿ ತಗೊಂಡಿದ್ದೆ, ನೋಡಿರಲಿಲ್ಲ. ಅದರಲ್ಲಿ 20ರ ಗೆರೆವರೆಗೆ ಎಳೆದರೆ ನನ್ನ ಮೈಗೆ ಹೋಗುತ್ತಿದ್ದದ್ದು ಬರೀ 8 ಯೂನಿಟ್. ಉಲ್ಟಾ ಆಗಿದ್ದರೆ, ಅಂದರೆ 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ ಎಳೆದಿದ್ದರೆ, 20ರ ಬದಲು 50 ಹೋಗುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಇನ್ಸುಲಿನ್ ತಗೊಳ್ಳುವವರು ದಯವಿಟ್ಟು ಬಾಟಲಿ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಓದಿ. ಅಂಗಡಿಯಲ್ಲೇ ಓದಿ.

ಆ ಬೆಂಚಿನಲ್ಲಿ ಅವತ್ತು ನಾಲ್ಕು ಜನ ಇದ್ದೆವು. ನಾನು, ಟೀಚರಮ್ಮ, ಚನ್ನಗಿರಿ ಕಡೆಯ ಅಡಿಕೆ ತೋಟದ ಯಜಮಾನರು, ಏಳು ವರ್ಷದ ಮಗಳ ಜೊತೆ ಬಂದಿದ್ದ ಒಬ್ಬ ತಾಯಿ. ಮಗಳಿಗೇ ಕಾಯಿಲೆ. ಎರಡು ಗಂಟೆ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಈಗ ತಿಂಗಳಿಗೊಂದು ಭಾನುವಾರ ಟೀಚರಮ್ಮನ ಮನೆಯಲ್ಲಿ ಸೇರುತ್ತೇವೆ. ಸದ್ಯ ಒಂಬತ್ತು ಜನ.

ಡೋಸ್ ಬದಲಿಸುವ ಮಾತು ನಾವು ಅಲ್ಲಿ ಆಡುವುದಿಲ್ಲ. ಅದು ಡಾಕ್ಟರ ಕೆಲಸ. ಆದರೆ ಕೈ ಕೆಲಸ ಅಂತ ಒಂದಿದೆಯಲ್ಲ, ಅದು ಅಲ್ಲೇ ಕಲಿತದ್ದು. ನನ್ನ ಇನ್ಸುಲಿನ್ ಹಾಲಿನಂತೆ ಇರುತ್ತದೆ, ಬಿಟ್ಟರೆ ತಳಕ್ಕೆ ಇಳಿಯುತ್ತದೆ. ನಾನು ಕೆಮ್ಮಿನ ಔಷಧಿಯ ಹಾಗೆ ಕುಲುಕುತ್ತಿದ್ದೆ. ಟೀಚರಮ್ಮ ಬಾಟಲಿಯನ್ನು ಎರಡು ಅಂಗೈ ನಡುವೆ ಇಟ್ಟು, ದೀಪದ ಬತ್ತಿ ಹೊಸೆಯುವ ಹಾಗೆ ನಿಧಾನವಾಗಿ ಹೊಸೆಯುತ್ತಾರೆ. ಹತ್ತು ಸಲ. ಬಾಟಲಿ ಬೆಳಕಿಗೆ ಹಿಡಿದು ನೋಡುತ್ತಾರೆ. ಎಲ್ಲೂ ಕಣ ಇಲ್ಲದೆ ಒಂದೇ ಸಮ ಬಿಳಿ ಆಗಿದ್ದರೆ ಮಾತ್ರ ಸಿರಿಂಜು ಹಾಕುವುದು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ನನ್ನ ಹೊಟ್ಟೆಯ ಎಡಗಡೆ ಗಂಟು ಕಟ್ಟಿತ್ತು. ಅಲ್ಲಿ ಚುಚ್ಚಿದರೆ ಔಷಧಿ ಸರಿಯಾಗಿ ಹೀರುವುದಿಲ್ಲ ಅಂತ ಹೇಳಿದ್ದು ತೋಟದ ಯಜಮಾನರು. ತಮ್ಮ ಗಂಟನ್ನು ಮುಟ್ಟಿಸಿ ತೋರಿಸಿದರು.

ಅವರ ತೋಟದ ಮನೆಯಲ್ಲಿ ಕರೆಂಟು ನೆಚ್ಚುವ ಹಾಗಿಲ್ಲ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ನೀರು ತಾಗದ ಡಬ್ಬಿಯಲ್ಲಿ ಇನ್ಸುಲಿನ್. ನಮ್ಮೂರ ಬೇಸಿಗೆ ಗೊತ್ತಲ್ವಾ? ನಾನು ಒಮ್ಮೆ ಬ್ಯಾಗನ್ನು ಎಂಜಿನ್ ಬಾನೆಟ್ ಮೇಲಿಟ್ಟು ಪೂರ್ತಿ ಬಾಟಲಿ ಹಾಳು ಮಾಡಿದ್ದೆ. ಗಾಜಿಗೆ ಮೊಸರಿನ ಹಾಗೆ ಹತ್ತಿಕೊಂಡಿತ್ತು. ಯಜಮಾನರು ನನಗೂ ಒಂದು ಜೋಡಿ ಮಡಕೆ ತಂದುಕೊಟ್ಟಿದ್ದಾರೆ. ಕರೆಂಟು ಹೋದ ದಿನ ಮನೆಯಲ್ಲಿ ಅದೇ ಗತಿ.

ಆ ಹುಡುಗಿಯ ಶಾಲೆಯಲ್ಲಿ ಪರೀಕ್ಷೆ ವೇಳೆ ಏನೂ ತಿನ್ನುವಂತಿಲ್ಲ ಅಂದಿದ್ದರು. ಸಿ.ಬಿ.ಎಸ್.ಇ. 2017ರಲ್ಲೇ ಟೈಪ್ 1 ಮಕ್ಕಳು ಪರೀಕ್ಷಾ ಹಾಲಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಬಹುದು ಅಂತ ಹೇಳಿದೆ. ಇವಳದ್ದು ಸ್ಟೇಟ್ ಸಿಲಬಸ್. ಆದರೂ ಟೀಚರಮ್ಮ ಆ ಕಾಗದ ಹಿಡಿದು ತಾಯಿಯ ಜೊತೆ ಹೋಗಿ ಹೆಡ್‌ಮಾಸ್ಟರ ಮುಂದೆ ಕೂತರು. ಒಪ್ಪಿಕೊಂಡರು. ಪುಟ್ಟಿಯ ಪೆನ್ಸಿಲ್ ಬಾಕ್ಸಿನಲ್ಲಿ ಈಗ ಗ್ಲೂಕೋಸ್ ಮಾತ್ರೆಗೆ ಒಂದು ಜಾಗ ಇದೆ.

ಹೋದ ತಿಂಗಳು ಊಟಕ್ಕೆ ಮುಂಚೆ ಅವಳು "ಇವತ್ತು ನಾನೇ ಚುಚ್ಕೋತೀನಿ" ಅಂದಳು. ತಾಯಿ ಬೇಡ ಅನ್ನಲು ಬಾಯಿ ತೆರೆದು ಸುಮ್ಮನಾದರು. ರೊಟ್ಟಿ ಬಡಿಯುತ್ತಿದ್ದ ಸದ್ದೂ ಒಳಗೆ ನಿಂತಿತು. ತೊಡೆಯ ಚರ್ಮ ಹಿಡಿದು, ಸೂಜಿ ಇಟ್ಟು, ಒತ್ತಿದಳು. ತೆಗೆಯುವ ಮುಂಚೆ ಎಣಿಸಬೇಕಲ್ಲ, ಗಟ್ಟಿಯಾಗಿ ಎಣಿಸಿದಳು. ನಾಲ್ಕಕ್ಕೆ ಬರುವಷ್ಟರಲ್ಲಿ ಯಜಮಾನರೂ ಸೇರಿಕೊಂಡರು. ಹತ್ತು ಅನ್ನುವಾಗ ಒಂಬತ್ತು ಜನರ ದನಿಯೂ ಇತ್ತು.

ಈ ಭಾನುವಾರ ಮತ್ತೆ ಸೇರುತ್ತಿದ್ದೇವೆ. ಹರಿಹರದಿಂದ ಹೊಸಬರೊಬ್ಬರು ಬರುತ್ತಾರಂತೆ, ಇನ್ಸುಲಿನ್ ಶುರುವಾಗಿ ಹನ್ನೆರಡು ದಿನ. ಕೆಂಪು ಮುಚ್ಚಳದ ಸಿರಿಂಜು ಒಂದು ಪ್ಯಾಕ್ ಜಾಸ್ತಿ ತಂದಿಟ್ಟಿದ್ದೇನೆ.