ನಿಮ್ಮಲ್ಲಿ ಇದನ್ನು ಯಾರು ಹೊರುತ್ತಾರೆ?

ಭಾನುವಾರ ಮಧ್ಯಾಹ್ನ ಕೇಳಿಸಿಕೊಂಡ ಪ್ರಶ್ನೆ ಇದು. ಇವತ್ತು ಶುಕ್ರವಾರ. ಇನ್ನೂ ಕಿವಿಯಿಂದ ಇಳಿದಿಲ್ಲ.

ಕೇಳಿದವರು ಪಕ್ಕದ ಮನೆಯ ಅಜ್ಜ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ದಕ್ಷಿಣಕ್ಕೆ, ವಾಸಾಚ್ ಬೆಟ್ಟಗಳ ಬುಡದಲ್ಲಿರುವ ಸ್ಯಾಂಡಿ ಎಂಬ ಊರಿಗೆ ನಾವು ಬಂದು ಆರು ವರ್ಷವಾಯಿತು. ಆರು ಚಳಿಗಾಲಗಳಲ್ಲಿ ನಾನಾಗಲಿ ನನ್ನ ಗಂಡನಾಗಲಿ ಹಿಮ ಎತ್ತಿದ್ದು ಬೆರಳೆಣಿಕೆಯಷ್ಟು ಸಲ. ನಾವು ಏಳುವ ಹೊತ್ತಿಗೆ ಅಜ್ಜ ತಮ್ಮ ಯಂತ್ರ ತಂದು ನಮ್ಮ ಮನೆಯ ಮುಂದಿನದನ್ನೂ ಗೋರಿ ಹೋಗಿರುತ್ತಿದ್ದರು. ಮಗಳು ಅವರನ್ನು ಹಿಮದ ಅಜ್ಜ ಎಂದೇ ಕರೆಯುತ್ತಾಳೆ. ಎಪ್ಪತ್ತಾರು ವರ್ಷ. ಹತ್ತೊಂಬತ್ತರಲ್ಲಿ ಫಿನ್‌ಲೆಂಡಿಗೆ ಧರ್ಮಪ್ರಚಾರಕ್ಕೆ ಹೋಗಿ ಬಂದವರು, ನಡುವಯಸ್ಸಿನಲ್ಲಿ ಐದು ವರ್ಷ ಇಲ್ಲಿನ ವಾರ್ಡಿಗೆ, ಎಂದರೆ ಈ ಬಡಾವಣೆಯ ಸಭೆಗೆ, ಬಿಷಪ್ ಆಗಿದ್ದವರು. ಬಿಷಪ್ ಎಂದ ಕೂಡಲೇ ಉದ್ದ ನಿಲುವಂಗಿ, ಕೈಯಲ್ಲೊಂದು ದಂಡ ಕಣ್ಣಿಗೆ ಬರುವುದು ಬೇಡ. ಮಾರ್ಮನ್ ಎಂಬ ಕ್ರೈಸ್ತ ಪಂಥದ ಇವರಲ್ಲಿ ಬಿಷಪ್‌ಗೆ ಸಂಬಳವಿಲ್ಲ, ವಾರವೆಲ್ಲ ತನ್ನ ಕಸುಬು ಮಾಡಿಕೊಂಡಿದ್ದು ಭಾನುವಾರ ಕೋಟು ಹಾಕಿಕೊಂಡು ಬರುತ್ತಾನೆ. ಈಗಿನವರು ಹಲ್ಲಿನ ಡಾಕ್ಟರು.

ಮಾರ್ಮನ್ ಎನ್ನಬಾರದಂತೆ ಈಗ. ಅವರ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಸಭೆಯ ಪೂರ್ತಿ ಹೆಸರನ್ನೇ ಬಳಸಿ ಎಂದು ಹೇಳಿದ ಮೇಲೆ, ಅಜ್ಜನ ಮಗಳು ನಾನು ಆ ಪದ ಆಡಿದಾಗಲೆಲ್ಲ ನಯವಾಗಿ ತಿದ್ದುತ್ತಾಳೆ. ಕಡೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ. ಒಂದೇ ಉಸಿರಿಗೆ ಹೇಳಿ ಮುಗಿಸುವುದು ಕಷ್ಟ. ಅಜ್ಜನಿಗೆ ಇದೊಂದು ವಿಷಯವೇ ಅಲ್ಲ. "ಯಾವ ಹೆಸರು ಹಿಡಿದು ಕರೆದವರ ಮನೆಯ ಹಿಮವನ್ನೂ ಎತ್ತುತ್ತೇನೆ" ಎಂದು ನಕ್ಕಿದ್ದರು ಒಮ್ಮೆ.

ಜನವರಿಯ ಎರಡನೆಯ ವಾರ ಅಜ್ಜಿ ಹೋಗಿಬಿಟ್ಟರು. ಮೆದುಳಿನಲ್ಲಿ ರಕ್ತಸ್ರಾವ. ಕಾಯಿಲೆಯಿಲ್ಲ, ಆಸ್ಪತ್ರೆಯಿಲ್ಲ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಆ ವಾರ ಅವರ ಮನೆಗೆ ಬಂದ ಊಟವನ್ನು ನೋಡಬೇಕಿತ್ತು. ಆಲೂಗೆಡ್ಡೆ, ಚೀಸ್, ಕೆನೆ ಎಲ್ಲ ಕಲಸಿ ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ ಬೇಯಿಸಿದ ಒಂದು ಭಕ್ಷ್ಯವಿದೆ. ಸಾವಿನ ಮನೆಗೆ ಅದನ್ನೇ ಒಯ್ಯುವುದರಿಂದ ಅದರ ಹೆಸರೇ ಅಂತ್ಯಕ್ರಿಯೆಯ ಆಲೂಗೆಡ್ಡೆ. ಹೆಂಗಸರು ಪಾಳಿ ಹಾಕಿಕೊಂಡು ತಂದರು. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚದಿರುವಾಗ ನೆಂಟರು ಅನ್ನ ತಂದುಕೊಡುವುದೂ ಇದೇ ಅಲ್ಲವೇ ಅನ್ನಿಸಿ, ನಾನೂ ಒಂದು ಪಾತ್ರೆ ಬಿಸಿಬೇಳೆಬಾತ್ ಒಯ್ದಿದ್ದೆ. ಖಾರ ಕಡಿಮೆ ಮಾಡಿದ್ದರೂ ಅದು ಮುಗಿದಂತೆ ಕಾಣಲಿಲ್ಲ.

ಹೋದ ವಾರ ಬೇಲಿಯ ಹತ್ತಿರ ಸಿಕ್ಕ ಅಜ್ಜ "ಈ ಭಾನುವಾರ ಉಪವಾಸದ ಭಾನುವಾರ, ಬರುತ್ತೀರಾ?" ಎಂದರು. ಆರು ವರ್ಷದಲ್ಲಿ ಒಂದು ಸಲವೂ ಕರೆದವರಲ್ಲ. "ನಿನ್ನನ್ನು ನೀರಿನಲ್ಲಿ ಮುಳುಗಿಸಿಯೇ ಕಳಿಸುತ್ತಾರೆ ನೋಡು" ಎಂದು ನನ್ನ ಗಂಡ ಹಾಸ್ಯ ಮಾಡಿದರು. ಯಾವ ಧರ್ಮದ ಹೆಸರು ಬಂದರೂ ಅವರದು ಇದೇ ತಮಾಷೆ. ಹೋದೆ.

ಪ್ರತಿ ತಿಂಗಳ ಮೊದಲ ಭಾನುವಾರ ಇವರು ಎರಡು ಹೊತ್ತಿನ ಊಟ ಬಿಟ್ಟು, ಆ ಊಟದ ಹಣವನ್ನು, ಆದರೆ ಇನ್ನೂ ಹೆಚ್ಚಾಗಿ, ಬಡವರಿಗೆ ಕೊಡುತ್ತಾರೆ. ಅವತ್ತು ಗೊತ್ತುಮಾಡಿದ ಪ್ರವಚನಕಾರರಿಲ್ಲ. ಯಾರಿಗೆ ಮನಸ್ಸಾಗುತ್ತದೋ ಅವರು ಎದ್ದು ಹೋಗಿ ತಮ್ಮ ಸಾಕ್ಷಿ ಹೇಳಬಹುದು. ಗೋಡೆಯ ಮೇಲೆ ಶಿಲುಬೆ ಇರಲಿಲ್ಲ. ಬಂದಿದ್ದ ಮಕ್ಕಳಿಗೆ ಲೆಕ್ಕವಿರಲಿಲ್ಲ. ಮೊದಲು ರೊಟ್ಟಿ, ಆಮೇಲೆ ನೀರು. ದ್ರಾಕ್ಷಾರಸವಿಲ್ಲ, ಬೆರಳುದ್ದದ ಲೋಟಗಳಲ್ಲಿ ಬರಿಯ ನೀರು. ರೊಟ್ಟಿ ಮುರಿದ ಮೇಲೆ ಹದಿನಾರು ಹದಿನೇಳರ ಹುಡುಗನೊಬ್ಬ ಮಂಡಿಯೂರಿ ಪ್ರಾರ್ಥನೆ ಓದಿದ. ಒಂದು ಪದ ತಪ್ಪಿತು. ಹಲ್ಲಿನ ಡಾಕ್ಟರು ಸಣ್ಣಗೆ ತಲೆಯಾಡಿಸಿದರು. ಹುಡುಗ ಕಿವಿ ಕೆಂಪಾಗಿ ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಪ್ರಾರ್ಥನೆಯಲ್ಲಿ ಒಂದಕ್ಷರ ಆಚೀಚೆ ಆಗುವಂತಿಲ್ಲವಂತೆ. ಸಂಧ್ಯಾವಂದನೆಯಲ್ಲಿ ತಪ್ಪಿದಾಗ ಅಣ್ಣನ ತಲೆಗೆ ಮೊಟಕುತ್ತಿದ್ದ ನಮ್ಮಜ್ಜ ನೆನಪಾದರು. ಇಲ್ಲಿ ಯಾರೂ ಮೊಟಕಲಿಲ್ಲ. ಸಭೆಯೆಲ್ಲ ಸುಮ್ಮನೆ ಅವನಿಗಾಗಿ ಕಾಯಿತು. ತಟ್ಟೆ ನನ್ನ ಬಳಿ ಬಂದಾಗ ಮುಂದಿನವರಿಗೆ ದಾಟಿಸಿದೆ.

ಸಾಕ್ಷಿಗಳು ಶುರುವಾದವು. ಒಬ್ಬಾಕೆ ಹವಾಯಿ ಪ್ರವಾಸದಲ್ಲಿ ಕಳೆದುಹೋದ ಸೂಟ್‌ಕೇಸ್ ದೇವರ ದಯೆಯಿಂದ ಸಿಕ್ಕಿದ್ದನ್ನು ವಿಸ್ತಾರವಾಗಿ ಹೇಳಿದಳು. ಸೂಟ್‌ಕೇಸಿನಷ್ಟೇ ಉದ್ದವಿತ್ತು ಕಥೆ. ಎಂಟು ತುಂಬಿ ಆಗಷ್ಟೇ ದೀಕ್ಷಾಸ್ನಾನವಾದ ಹುಡುಗಿ ಅಮ್ಮನ ಕೈ ಹಿಡಿದು ಬಂದಳು. ಹೊರದೇಶದಿಂದ ಮರಳಿದ ಯುವಕನೊಬ್ಬ ಅತ್ತ. ಎಲ್ಲರ ಮಾತಿನಲ್ಲೂ ಬರುತ್ತಿದ್ದ ಒಂದು ಪದವನ್ನು ನಾನು ಎಣಿಸತೊಡಗಿದೆ: "ನನಗೆ ಗೊತ್ತಿದೆ." ನಂಬುತ್ತೇನೆ ಅಲ್ಲ, ಗೊತ್ತಿದೆ. ಸಭೆ ಸತ್ಯವೆಂದು ಗೊತ್ತಿದೆ, ಅದನ್ನು ಕಟ್ಟಿದ ಜೋಸೆಫ್ ಸ್ಮಿತ್ ಪ್ರವಾದಿಯೆಂದು ಗೊತ್ತಿದೆ, ಕ್ರಿಸ್ತ ನನಗಾಗಿ ನೋವುಂಡನೆಂದು ಗೊತ್ತಿದೆ. ನಿಜ ಹೇಳಬೇಕೆಂದರೆ ನನಗೆ ಕಿರಿಕಿರಿಯಾಯಿತು. ದೇವರ ವಿಷಯದಲ್ಲಿ ಇಷ್ಟೊಂದು ಖಚಿತವಾಗಿ ಮಾತಾಡುವವರ ಪಕ್ಕದಲ್ಲಿ ಕೂರುವುದು ನನಗೆ ಮೊದಲಿನಿಂದಲೂ ಆಗದು, ಅವರು ಯಾವ ದೇವರವರೇ ಆಗಿರಲಿ.

ಹದಿನಾಲ್ಕನೆಯ "ಗೊತ್ತಿದೆ"ಗೆ ಬಂದಿದ್ದೆ. ಅಜ್ಜ ಎದ್ದರು.

ವೇದಿಕೆಗೆ ಹೋಗಿ, ಧ್ವನಿವರ್ಧಕವನ್ನು ತಮ್ಮ ಎತ್ತರಕ್ಕೆ ಏರಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಜ್ಜಿಯ ಹೆಸರು ಎತ್ತಲಿಲ್ಲ. "ಐವತ್ತು ವರ್ಷಗಳಿಂದ ಇಲ್ಲಿ ನಿಂತು ಗೊತ್ತಿದೆ ಎಂದು ಹೇಳಿದ್ದೇನೆ. ಈ ಕೋಣೆಯಲ್ಲಿರುವ ನಿಮ್ಮೆಲ್ಲರ ಲೆಕ್ಕವನ್ನೂ ಅವನು ತೀರಿಸಿದ್ದಾನೆ. ಅದು ನನಗೆ ಈಗಲೂ ಗೊತ್ತಿದೆ. ನನ್ನದನ್ನೂ ತೀರಿಸಿರಲಿ ಎಂದು ಆಶಿಸುತ್ತೇನೆ." ಯೇಸು ಕ್ರಿಸ್ತನ ಹೆಸರಿನಲ್ಲಿ, ಆಮೆನ್. ಇಳಿದು ಬಂದು ಕುಳಿತರು.

ನಿಮ್ಮೆಲ್ಲರ. ಕೊನೆಯ ಸಾಲಿನ ಕಬ್ಬಿಣದ ಕುರ್ಚಿಯಲ್ಲಿ ಕುಳಿತ ನಾನೂ ಅದರಲ್ಲಿ ಸೇರಿದ್ದೆ. ಎಣಿಕೆ ನಿಂತುಹೋಯಿತು.

ಹೊರಗೆ ಬರುವಾಗ ಒಬ್ಬ ಹೆಂಗಸು ಅಜ್ಜನ ತೋಳು ಹಿಡಿದು "ನಿಮಗೆ ಗೊತ್ತಿದೆ, ಖಂಡಿತ ಗೊತ್ತಿದೆ, ಈಗ ದುಃಖದಲ್ಲಿದ್ದೀರಿ ಅಷ್ಟೇ" ಎಂದು ಎರಡೆರಡು ಸಲ ಹೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬೇಕು. ಆದರೂ ಆಕೆಯ ಕೈಯನ್ನು ಆ ತೋಳಿನಿಂದ ಬಿಡಿಸಬೇಕೆನ್ನಿಸಿತು. ಇವರ ಧರ್ಮಗ್ರಂಥವೊಂದರಲ್ಲೇ ಕೆಲವರಿಗೆ ತಿಳಿಯುವ ವರ, ಕೆಲವರಿಗೆ ತಿಳಿದವರ ಮಾತನ್ನು ನಂಬುವ ವರ ಎಂದು ಎರಡು ಬೇರೆ ಬೇರೆ ವರಗಳ ಮಾತು ಬರುತ್ತದೆ. ಎರಡನೆಯದಕ್ಕೆ ವೇದಿಕೆಯ ಮೇಲೆ ಜಾಗ ಕಡಿಮೆ ಎಂದು ಕಾಣುತ್ತದೆ.

ಮನೆಗೆ ನಡೆದೇ ಬಂದೆವು, ಎರಡೇ ರಸ್ತೆ ದಾಟಬೇಕು. ದಾರಿಯಲ್ಲಿ ಅಜ್ಜ ತಾವಾಗಿಯೇ ಹೇಳಿದರು. ಆ ರಾತ್ರಿ ಅಜ್ಜಿ ತಲೆ ನೋಯುತ್ತಿದೆ ಎಂದಿದ್ದರಂತೆ. "ಮಾತ್ರೆ ತೆಗೆದುಕೊಂಡು ಮಲಗು" ಎಂದರಂತೆ ಇವರು. ಟಿವಿಯಲ್ಲಿ ಬಾಸ್ಕೆಟ್‌ಬಾಲ್ ಪಂದ್ಯದ ಕೊನೆಯ ಕಾಲುಭಾಗ ಉಳಿದಿತ್ತು. ಕುರ್ಚಿಯಲ್ಲೇ ನಿದ್ದೆ ಬಂತು. ಎದ್ದಾಗ ಬೆಳಗಾಗಿತ್ತು.

"ಬಿಷಪ್ ಆಗಿದ್ದಾಗ ಆ ಸಣ್ಣ ಕೋಣೆಯಲ್ಲಿ ಎಷ್ಟೋ ಜನರ ಎದುರು ಕುಳಿತು, ಇಳಿಸಿಬಿಡು, ನೀನು ಹೊರಬೇಕಾಗಿಲ್ಲ, ಇದನ್ನು ಹೊತ್ತವನೊಬ್ಬನಿದ್ದಾನೆ ಎಂದು ಹೇಳಿದ್ದೇನೆ. ಅವರು ಇಳಿಸಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ." ಸ್ವಲ್ಪ ದೂರ ನಡೆದ ಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮಲ್ಲಿ ಇದನ್ನು ಯಾರು ಹೊರುತ್ತಾರೆ?"

"ಯಾರೂ ಇಲ್ಲ" ಎಂದುಬಿಟ್ಟೆ. "ಮಾಡಿದ್ದುಣ್ಣೋ ಮಹರಾಯ ಎಂದು ನಮ್ಮಲ್ಲೊಂದು ಗಾದೆ ಇದೆ." ಅರ್ಥ ಬಿಡಿಸಿ ಹೇಳಿದೆ: ನೀನು ಬೇಯಿಸಿದ್ದನ್ನು ನೀನೇ ಉಣ್ಣು, ದೊರೆಯೇ.

ಅಜ್ಜ ನಕ್ಕರು. "ದೊರೆಯೇ ಎಂದಾದರೂ ಕರೆಯುತ್ತೀರಲ್ಲ." ಆಮೇಲೆ, "ಒಬ್ಬರೇ ಉಣ್ಣುವುದು ಕಷ್ಟವಲ್ಲವೇ?"

ಅಷ್ಟೇ ನಡೆದದ್ದು. ಅವರು ಅವರ ಮನೆಗೆ, ನಾನು ನಮ್ಮ ಮನೆಗೆ. ನೀರು ಕುಡಿಯಲು ಅಡುಗೆಮನೆಗೆ ಹೋದೆ. ಮೇಲಿನ ಕಪಾಟಿನಲ್ಲಿ ಕಷಾಯದ ಪುಡಿಯ ಪೊಟ್ಟಣ ಕಂಡಿತು.

ಇದನ್ನು ಹೇಳದೆ ಬೇರೆ ದಾರಿಯಿಲ್ಲ. ಇವರು ಕಾಫಿ, ಚಹಾ ಎರಡನ್ನೂ ಮುಟ್ಟುವುದಿಲ್ಲ. 1833ರಲ್ಲಿ ಜೋಸೆಫ್ ಸ್ಮಿತ್ ಕೊಟ್ಟ ಆರೋಗ್ಯದ ಕಟ್ಟಳೆ ಅದು. ಮೊದಲ ವರ್ಷ ಇಬ್ಬರೂ ನಮ್ಮ ಮನೆಗೆ ಬಂದಾಗ ಅದು ತಿಳಿಯದೆ ಫಿಲ್ಟರ್ ಕಾಫಿ ತಂದಿಟ್ಟು, ಪೆಚ್ಚಾಗಿ, ಕೊನೆಗೆ ಅಮ್ಮ ಸಾಗರದಿಂದ ಕಳಿಸಿದ್ದ ಕೊತ್ತಂಬರಿ, ಜೀರಿಗೆ, ಮೆಣಸಿನ ಪುಡಿ ಹಾಕಿ ಹಾಲು ಬೆಲ್ಲದ ಕಷಾಯ ಮಾಡಿಕೊಟ್ಟಿದ್ದೆ. ಅಜ್ಜಿಗೆ ಅದು ಹಿಡಿಸಿಹೋಯಿತು. ಕಷಾಯ ಎಂಬ ಪದವನ್ನೂ ಕಲಿತರು, ಕೊನೆಯ ಅಕ್ಷರ ಮಾತ್ರ ಯಾವಾಗಲೂ ಉದ್ದವಾಗುತ್ತಿತ್ತು. ಹೋದ ನವೆಂಬರಿನಲ್ಲಿ "ಆ ಪುಡಿ ಸ್ವಲ್ಪ ಕೊಡುತ್ತೀರಾ, ನಾನೇ ಮಾಡಿ ನೋಡುತ್ತೇನೆ" ಎಂದರು. ಕ್ರಿಸ್‌ಮಸ್‌ಗೆ ಸಿಹಿತಿಂಡಿಯ ತಟ್ಟೆ ತಂದಾಗ ಮತ್ತೆ ನೆನಪಿಸಿದರು. ಪೊಟ್ಟಣ ಮನೆಯಲ್ಲೇ ಇತ್ತು. ಕೊಡುತ್ತೇನೆ ಎಂದೆ. ಬಾಗಿಲಿನಿಂದ ಬಾಗಿಲಿಗೆ ನಲವತ್ತು ಹೆಜ್ಜೆ. ಕೊಡಲಿಲ್ಲ.

ಇದೇನು ಮಹಾಪಾಪವೇ ಎಂದರು ನನ್ನ ಗಂಡ. ಅಲ್ಲ. ಆದರೆ ಯಾವ ತಕ್ಕಡಿಯಲ್ಲಿಟ್ಟರೂ ಏರದಷ್ಟು ಸಣ್ಣದಾದ್ದರಿಂದಲೇ ಇದನ್ನು ಇಳಿಸಲು ಜಾಗವೂ ಸಿಗುವುದಿಲ್ಲ. ಅಜ್ಜನ ಪಂದ್ಯದ ಕಾಲುಭಾಗದ ಪಕ್ಕದಲ್ಲಿ ಇದನ್ನಿಡಲು ನನಗೆ ನಾಚಿಕೆ. ಆದರೂ ಈ ವಾರವೆಲ್ಲ ಎರಡೂ ಒಟ್ಟಿಗೇ ನನ್ನ ತಲೆಯಲ್ಲಿವೆ.

ಮತ್ತೆ ಮತ್ತೆ ಕೆದಕಿದ್ದು ಪ್ರಾಯಶ್ಚಿತ್ತ ಎಂಬ ಪದವನ್ನು. ಕನ್ನಡದ ಕ್ರೈಸ್ತರು ಕ್ರಿಸ್ತನ ಬಲಿಗೂ ಅದೇ ಪದ ಬಳಸುತ್ತಾರೆ. ನಾನು ಬೆಳೆದ ಮನೆಯಲ್ಲಿ ಪ್ರಾಯಶ್ಚಿತ್ತವೆಂದರೆ ತಪ್ಪಿದವನೇ ಮಾಡಿಕೊಳ್ಳಬೇಕಾದದ್ದು: ಉಪವಾಸ, ಪಂಚಗವ್ಯ, ದಾನ, ನದಿಸ್ನಾನ. ಒಂದೇ ಪದ, ಒಂದು ಕಡೆ ನಾನು ತೆರುವುದು, ಇನ್ನೊಂದು ಕಡೆ ನನಗಾಗಿ ಇನ್ನೊಬ್ಬ ತೆತ್ತದ್ದು. ಮಾರ್ಮನರಲ್ಲಿ ಆ ತೆರುವಿಕೆ ಶಿಲುಬೆಗಿಂತ ಮೊದಲೇ, ಗೆತ್ಸೇಮನೆಯ ತೋಟದಲ್ಲೇ ಆರಂಭವಾಗುತ್ತದೆ. ಅಲ್ಲಿ ರಾತ್ರಿ ಒಬ್ಬನೇ ಪ್ರಾರ್ಥಿಸುತ್ತಿದ್ದವನ ಒಂದೊಂದು ರೋಮಕೂಪದಿಂದಲೂ ನೆತ್ತರು ಒಸರಿತು ಎಂದು ಇವರ ಧರ್ಮಗ್ರಂಥವಾದ ಮಾರ್ಮನ್ ಗ್ರಂಥ ಹೇಳುತ್ತದೆ. ಗೆತ್ಸೇಮನೆ ಎಂದರೆ ಎಣ್ಣೆಯ ಗಾಣ ಎಂದು ಹಿಂದೊಮ್ಮೆ ಅಜ್ಜನೇ ಹೇಳಿದ್ದರು. ಗಾಣ ನೋಡಿದ್ದೇನೆ ಎಂದಾಗ, ಅದರ ಸದ್ದು ಹೇಗಿರುತ್ತದೆ ಎಂದು ಕೇಳಿದ್ದರು.

ಅವನು ಹೊತ್ತದ್ದು ಪಾಪವನ್ನು ಮಾತ್ರವಲ್ಲ ಎಂಬುದು ಇವರ ಇನ್ನೊಂದು ಮಾತು. ಆಲ್ಮ ಎಂಬ ಪ್ರವಾದಿಯ ಪುಸ್ತಕದ ಪ್ರಕಾರ ಜನರ ನೋವು, ಕಾಯಿಲೆ, ಬಲಹೀನತೆ ಎಲ್ಲವನ್ನೂ ಮೈಯಲ್ಲೇ ಅನುಭವಿಸಿ ತಿಳಿದುಕೊಂಡ, ನೆರವಾಗುವುದು ಹೇಗೆಂದು ಅರಿಯಲು. ದೇವರಿಗೂ ಕಲಿಯುವುದಿತ್ತು ಎಂಬ ಆ ಎಳೆ ನನಗೆ ಬಹಳ ಇಷ್ಟ. ಹಾಗಾದರೆ ಅಜ್ಜಿಯ ಆ ರಾತ್ರಿಯ ತಲೆನೋವೂ ಅವನಿಗೆ ಗೊತ್ತು, ಅಜ್ಜನಿಗೆ ಗೊತ್ತಾಗದೇ ಹೋದದ್ದು. ಇದರಿಂದ ಅಜ್ಜನಿಗೆ ಸಮಾಧಾನವೋ ಸಂಕಟವೋ, ಕೇಳುವ ಧೈರ್ಯ ನನಗಿಲ್ಲ. ಮೇಲಾಗಿ, ಇವರ ಮದುವೆ ಸಾವಿಗೆ ಮುಗಿಯುವುದಿಲ್ಲ. ದೇವಾಲಯದಲ್ಲಿ ಶಾಶ್ವತಕ್ಕೂ ಮುದ್ರೆ ಒತ್ತಿಸಿಕೊಂಡ ಗಂಡ ಹೆಂಡತಿ. ಮತ್ತೆ ಎದುರಾಗುತ್ತಾರೆ, ಮಾತೂ ಆಗುತ್ತದೆ. ತಲೆನೋವಿನ ವಿಷಯ ಬಂದೇ ಬರುತ್ತದೆ.

ಇದರ ನಡುವೆ ನಾನು ಅಜ್ಜನಿಗೆ ಕೊಟ್ಟ ಉತ್ತರವೇ ಪೂರ್ತಿ ನಿಜವಲ್ಲ ಎನ್ನುವುದು ಮಂಗಳವಾರ ಪಾತ್ರೆ ತೊಳೆಯುವಾಗ ಹೊಳೆಯಿತು. ನಮ್ಮಲ್ಲಿ ಯಾರೂ ಹೊರುವುದಿಲ್ಲವೇ? ಜ್ವರ ಬಂದ ಮಗುವಿನ ಮುಖ ಸವರಿ ತನ್ನ ಹಣೆಯ ಬದಿಗಳಿಗೆ ಬೆರಳು ಒತ್ತಿ ಲಟಲಟನೆ ನೆಟಿಗೆ ಮುರಿಯುತ್ತಿದ್ದ ನಮ್ಮಜ್ಜಿ ಏನು ಮಾಡುತ್ತಿದ್ದಳು? ಅದರದ್ದೆಲ್ಲ ನನಗಿರಲಿ ಎಂದು ತಾನೇ? ಅಣ್ಣನ ಪರೀಕ್ಷೆಗೆ ಅಮ್ಮ ಸೋಮವಾರ ಊಟ ಬಿಟ್ಟದ್ದು, ಅಪ್ಪನ ಆಪರೇಷನ್ನಿಗೆ ಅತ್ತೆ ಮುಡಿ ಕೊಟ್ಟದ್ದು? ಗಾದೆ ಒಂದು ಹೇಳುತ್ತದೆ, ನಮ್ಮ ಹೆಂಗಸರ ಕೈಬೆರಳು ಬೇರೆಯೇ ಹೇಳುತ್ತದೆ. ಅವಸರದಲ್ಲಿ ನಾನು ಗಾದೆಯನ್ನು ಆರಿಸಿ ಕೊಟ್ಟೆ. ಪರದೇಶದವರು ನಮ್ಮ ಬಗ್ಗೆ ಕೇಳಿದಾಗ ನಾವೆಲ್ಲ ಇದ್ದಕ್ಕಿದ್ದಂತೆ ಕರ್ಮಸಿದ್ಧಾಂತದ ಪಂಡಿತರಾಗಿಬಿಡುತ್ತೇವೆ.

ಇವರಲ್ಲೂ ಅಷ್ಟು ಸಲೀಸಿಲ್ಲ. ನಮ್ಮ ಕೈಲಾದದ್ದನ್ನೆಲ್ಲ ಮಾಡಿದ ಮೇಲೆ ಕೃಪೆಯಿಂದ ರಕ್ಷಣೆ ಎಂದು ಮಾರ್ಮನ್ ಗ್ರಂಥದ ನೀಫೈಯ ಎರಡನೆಯ ಪುಸ್ತಕದಲ್ಲಿದೆ. ಈ "ಕೈಲಾದದ್ದನ್ನೆಲ್ಲ" ಎಷ್ಟು ಎನ್ನುವುದೇ ಜಗಳ. ಬೇರೆ ಕ್ರೈಸ್ತರು ಇದನ್ನೇ ಹಿಡಿದು, ಕೃಪೆಗೂ ದುಡಿಮೆಯ ಲೆಕ್ಕವೇ ಎಂದು ಇವರನ್ನು ಕೆಣಕುತ್ತಾರೆ. ಅಜ್ಜ ಸಿಕ್ಕಿಕೊಂಡಿರುವುದೂ ಅಲ್ಲೇ ಇರಬೇಕು. ಐವತ್ತು ವರ್ಷ ಕೈಲಾದದ್ದನ್ನೆಲ್ಲ ಮಾಡಿದ ಮನುಷ್ಯ, ಒಂದು ರಾತ್ರಿ ಕೈಲಾದದ್ದನ್ನು ಮಾಡಲಿಲ್ಲ.

ಬುಧವಾರ ಸಂಜೆ ಪೊಟ್ಟಣ ಹಿಡಿದು ಆ ನಲವತ್ತು ಹೆಜ್ಜೆ ನಡೆದೆ. ಬಾಗಿಲಲ್ಲೇ ಹೇಳಿಬಿಟ್ಟೆ, ನವೆಂಬರಿನಲ್ಲಿ ಕೇಳಿದ್ದರು, ಕೊಡಲಿಲ್ಲ ಎಂದು. ಪರವಾಗಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಎನ್ನಲಿಲ್ಲ. ಪೊಟ್ಟಣ ತೆಗೆದುಕೊಂಡು "ಎಷ್ಟು ಚಮಚ?" ಎಂದರು.

ಭಾನುವಾರದ ಸಭೆಯ ಕರಪತ್ರದ ಹಿಂದೆ ಬರೆದುಕೊಂಡರು. ಅಜ್ಜಿಯ ಅಳತೆ ಚಮಚಗಳ ಗೊಂಚಲನ್ನು ಹುಡುಕಲು ಮೂರು ಡ್ರಾಯರ್ ತೆರೆಯಬೇಕಾಯಿತು. ಬೆಲ್ಲವಿರಲಿಲ್ಲ, ಕಂದು ಸಕ್ಕರೆ ಹಾಕಿದೆವು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಒರೆಸಿದೆವು. ಎರಡು ಲೋಟಕ್ಕೆ ಸೋಸಿ ಮೇಜಿನ ಹತ್ತಿರ ಕುಳಿತೆವು.

ಅಜ್ಜ ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದರು.

"ಅವಳು ಹೇಳುತ್ತಿದ್ದಷ್ಟು ಚೆನ್ನಾಗಿಲ್ಲ."

"ಪುಡಿ ಹಳತಾಗಿದೆ" ಎಂದೆ.