ಗೇನ್ ಇಳಿಸಿ, ಆಮೇಲೆ ಗಿಟಾರ್ ನೋಡೋಣ

ಅಕ್ಕನ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಸೀಟು ಸಿಕ್ಕರೆ ಎಲೆಕ್ಟ್ರಿಕ್ ಗಿಟಾರ್ ಕೊಡಿಸ್ತೀನಿ ಅಂತ ಯಾವತ್ತೋ ಬಾಯಿ ತಪ್ಪಿ ಹೇಳಿದ್ದೆ. ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ. ಹೋದ ಭಾನುವಾರ ಮೈಸೂರಿನಿಂದ ಬೆಳಗಿನ ರೈಲಿಗೆ ಬಂದಿಳಿದವನು ಕಾಫಿ ಕುಡಿಯುವ ಮುಂಚೆಯೇ ಫೋನ್ ತೆಗೆದು ಮೂರು ಫೋಟೊ ತೋರಿಸಿದ. ಮೂರೂ ಕಪ್ಪು. ಮೂರಕ್ಕೂ ಚೂಪು ತಲೆ. "ಮಾಮ, ಇದರಲ್ಲಿ ಯಾವುದು ಚೆನ್ನಾಗಿದೆ?"

"ಯಾವುದರ ದನಿ ಕೇಳಿದ್ದೀಯ?"

"ಯೂಟ್ಯೂಬಲ್ಲಿ ಕೇಳಿದ್ದೀನಿ."

ಬೈಯೋಣ ಅಂದರೆ ನನಗೆ ಬಾಯಿಲ್ಲ. ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರನ್ನು ನಾನೂ ಬಣ್ಣ ನೋಡಿಯೇ ತಂದವನು. ಅಂಗಡಿಯ ಹುಡುಗ ಅದನ್ನು ಆಳೆತ್ತರದ ಆಂಪ್‌ಗೆ (ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆ) ಸಿಕ್ಕಿಸಿ, ದನಿಯನ್ನು ಒರಟಾಗಿಸುವ ಗೇನ್ ನಾಬ್ ಪೂರ್ತಿ ತಿರುಗಿಸಿ, ಮೇಲೆ ಒಂದಿಷ್ಟು ಡಿಲೇ ಅನ್ನುವ ಪ್ರತಿಧ್ವನಿ ಸುರಿದು, ಕಣ್ಣು ಮುಚ್ಚಿಕೊಂಡು ಹತ್ತು ಸೆಕೆಂಡ್ ನುಡಿಸಿದ. ನಾನು ಅಲ್ಲೇ ದುಡ್ಡು ಎಣಿಸಿಬಿಟ್ಟೆ. ಮನೆಗೆ ತಂದು ನನ್ನ ಹತ್ತು ವ್ಯಾಟಿನ ಪುಟಾಣಿ ಆಂಪ್‌ಗೆ ಹಾಕಿ ಒಂದು ಜಿ ಕಾರ್ಡ್ ನುಡಿಸಿದರೆ, ಆರು ತಂತಿಯೂ ಒಂದೇ ಮುದ್ದೆಯಾಗಿ ಕೇಳಿಸಿತು. ಅದರಲ್ಲಿದ್ದದ್ದು ಭಾರೀ ಜೋರಿನ ಹಂಬಕರ್‌ಗಳು, ಅಂದರೆ ಎರಡು ಸುರುಳಿಯ ಪಿಕಪ್. ತಂತಿಯ ದನಿ ಹಿಡಿಯುವುದು ಈ ಪಿಕಪ್ಪೇ. ಹೆವಿ ಮೆಟಲ್ ನುಡಿಸುವವರಿಗೆ ಹೇಳಿ ಮಾಡಿಸಿದ್ದು. ನಾನು ನುಡಿಸುತ್ತಿದ್ದದ್ದೋ ಹಳೇ ಸಿನಿಮಾ ಹಾಡಿನ ಕಾರ್ಡ್‌ಗಳು, ಬೆರಳಲ್ಲಿ ಬಿಡಿಬಿಡಿಯಾಗಿ. ಗಿಟಾರಿನ ತಪ್ಪಲ್ಲ, ನನ್ನ ತಪ್ಪು. ಎರಡು ವರ್ಷ ಅದರ ಜೊತೆ ಗುದ್ದಾಡಿ ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಅದಕ್ಕೇ ಈಗ ಅಂಗಡಿಗೆ ಹೋದರೆ ನಾನು ಹೇಳುವ ಮೊದಲ ಮಾತು, ಗೇನ್ ಸೊನ್ನೆಗೆ ಇಳಿಸಿ. ರಿವರ್ಬ್, ಡಿಲೇ ಎಲ್ಲ ಆಫ್ ಮಾಡಿ. ಸಾಧ್ಯವಾದರೆ ಆ ದೊಡ್ಡ ಆಂಪ್ ಬಿಟ್ಟು ಮೂಲೆಯಲ್ಲಿ ಇಟ್ಟಿರುವ ಚಿಕ್ಕದಕ್ಕೆ ಹಾಕಿ. ಗೇನ್ ಅನ್ನೋದು ಸಾರಿಗೆ ಹಾಕುವ ಖಾರದ ಪುಡಿ ಥರ. ಜಾಸ್ತಿ ಹಾಕಿದರೆ ಬೇಳೆ ಬೆಂದಿದೆಯೋ ಇಲ್ಲವೋ ಗೊತ್ತಾಗೋದೇ ಇಲ್ಲ.

ಇಲ್ಲಿ ಬೇಳೆ ಅಂದರೆ ಪಿಕಪ್. ತಂತಿಗಳ ಕೆಳಗೆ ಕೂತಿರುವ ಆ ಸಣ್ಣ ಪೆಟ್ಟಿಗೆಯೊಳಗೆ ಮ್ಯಾಗ್ನೆಟ್ ಇರುತ್ತದೆ, ಅದರ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ವೈರ್. ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಅನ್ನುವ ಗಿಟಾರಿನ ಒಂದು ಮಾಮೂಲಿ ಪಿಕಪ್‌ನಲ್ಲಿ ಅದು 8 ಸಾವಿರ ಸುತ್ತಿನ ಆಸುಪಾಸು ಇರುತ್ತದೆ. ಮೇಲೆ ಉಕ್ಕಿನ ತಂತಿ ಅಲುಗಿದರೆ ಮ್ಯಾಗ್ನೆಟ್ಟಿನ ಹಿಡಿತ ಕದಲುತ್ತದೆ, ತಾಮ್ರದ ಸುರುಳಿಯಲ್ಲಿ ಚೂರೇ ಚೂರು ಕರೆಂಟ್ ಹುಟ್ಟುತ್ತದೆ. ಆಂಪ್ ದೊಡ್ಡದು ಮಾಡುವುದು ಅದನ್ನೇ. ನೈಲಾನ್ ತಂತಿ ಹಾಕಿದರೆ ಈ ಪಿಕಪ್‌ಗೆ ಏನೂ ಕೇಳಿಸೋದಿಲ್ಲ. ಬಾಡಿಯ ಮರ ಯಾವುದು ಅನ್ನುವ ಜಗಳ ಬೇರೆ ಇದೆ, ಅದಕ್ಕೆ ನಾನು ಹೋಗಲ್ಲ. ಪಿಕಪ್ ಬದಲಾಯಿಸಿದಾಗ ಆಗುವ ವ್ಯತ್ಯಾಸ ಮಾತ್ರ ಎಂಥ ಕಿವಿಗೂ ಗೊತ್ತಾಗುತ್ತದೆ.

ಈ ತಾಮ್ರದ ಸುರುಳಿಗೆ ಒಂದು ಕೆಟ್ಟ ಚಾಳಿ. ತಂತಿಯ ಮಾತನ್ನಷ್ಟೇ ಕೇಳೋದಿಲ್ಲ, ಮನೆಯ ಕರೆಂಟಿನ ಮಾತನ್ನೂ ಕೇಳಿಸಿಕೊಳ್ಳುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಜ್. ಅದೇ ಗುಂಯ್ ಅಂತ ಹಿಂದೆ ಕೂತಿರುತ್ತದೆ. ನಾನು ಹನುಮಂತನಗರದಲ್ಲಿ ಬಾಡಿಗೆಗಿದ್ದ ಹಳೇ ಮನೆಯಲ್ಲಿ ಪ್ಲಗ್ ಪಾಯಿಂಟಿಗೆ ಮೂರು ತೂತು ಇತ್ತು, ಮೂರನೇ ತೂತಿಗೆ ಅರ್ಥಿಂಗ್ ಇರಲಿಲ್ಲ. ಟ್ಯೂಬ್‌ಲೈಟಿನ ಚೋಕ್, ಫ್ಯಾನಿನ ರೆಗ್ಯುಲೇಟರ್, ಯುಪಿಎಸ್ ಎಲ್ಲವೂ ನನ್ನ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್ ಇರುವ) ಗಿಟಾರಿನಲ್ಲಿ ಭಜನೆ ಮಾಡುತ್ತಿದ್ದವು. ಆಮೇಲೆ ಒಂದು ದಿನ ಸುಮ್ನೆ ಗಿಟಾರ್ ಹಿಡಿದುಕೊಂಡು ಹಾಲ್‌ನಲ್ಲಿ ತಿರುಗುವಾಗ, ಅಡುಗೆಮನೆ ಬಾಗಿಲ ಕಡೆ ಮುಖ ಮಾಡಿದರೆ ಗುಂಯ್ ಹೆಚ್ಚು ಕಮ್ಮಿ ನಿಂತೇ ಹೋಗುತ್ತದೆ ಅಂತ ಗೊತ್ತಾಯಿತು. ಸುರುಳಿ ಆಂಟೆನಾ ಇದ್ದ ಹಾಗೆ, ತಿರುಗಿಸಿದಂತೆ ಹಿಡಿಯೋದು ಹೆಚ್ಚು ಕಡಿಮೆ ಆಗುತ್ತದೆ. ಅಲ್ಲಿದ್ದಷ್ಟೂ ವರ್ಷ ನಾನು ಗ್ಯಾಸ್ ಸ್ಟವ್ ನೋಡಿಕೊಂಡೇ ಗಿಟಾರ್ ನುಡಿಸಿದೆ. ನನ್ನ ಹೆಂಡತಿ ಮೊದಲು ಇದನ್ನು ಪ್ರೀತಿ ಅಂದುಕೊಂಡಿದ್ದಳು.

ಈ ಗುಂಯ್‌ಗೆ ಮದ್ದು ಕಂಡುಹಿಡಿದವರಲ್ಲಿ ಒಬ್ಬರು ಗಿಬ್ಸನ್ ಅನ್ನುವ ಗಿಟಾರ್ ಕಂಪನಿಯ ಸೆತ್ ಲವರ್. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1957ರಲ್ಲಿ ಅದು ಲೆಸ್ ಪಾಲ್ ಗಿಟಾರಿಗೆ ಬಂತು. ಅವರು ಮಾಡಿದ್ದು ಇಷ್ಟೇ. ಒಂದರ ಬದಲು ಎರಡು ಸುರುಳಿ ಪಕ್ಕಪಕ್ಕ ಇಟ್ಟರು, ಒಂದಕ್ಕೆ ಮ್ಯಾಗ್ನೆಟ್ ಉಲ್ಟಾ, ವೈರಿಂಗೂ ಉಲ್ಟಾ. ಹೊರಗಿನಿಂದ ಬರುವ ಗುಂಯ್ ಎರಡರಲ್ಲೂ ವಿರುದ್ಧವಾಗಿ ಬಂದು ಒಂದನ್ನೊಂದು ಹೊಡೆದುಹಾಕುತ್ತದೆ. ತಂತಿಯ ದನಿಗೆ ಮಾತ್ರ ಎರಡು ಉಲ್ಟಾ ಸೇರಿ ಸೀದಾ ಆಗಿಬಿಡುತ್ತದೆ, ಹಾಗಾಗಿ ಅದು ಕೂಡಿಕೊಳ್ಳುತ್ತದೆ. ಹಂಬಕರ್ ಅನ್ನೋ ಹೆಸರು ಬಂದಿದ್ದೂ ಈ 'ಹಮ್' ಓಡಿಸುವ ಕೆಲಸದಿಂದಲೇ. ಆದರೆ ಗುಂಯ್ ಜೊತೆಗೆ ತುದಿಯ ಹೊಳಪೂ ಸ್ವಲ್ಪ ಹೋಗುತ್ತದೆ. ಒಂದೇ ತಂತಿಯನ್ನು ಎರಡು ಜಾಗದಲ್ಲಿ ಕೇಳುತ್ತಿರುವುದರಿಂದ ಕೆಲವು ಸಣ್ಣ ಸ್ವರಗಳು ಅಲ್ಲೇ ಅಳಿಸಿಹೋಗುತ್ತವೆ. ದನಿ ದಪ್ಪ, ದುಂಡಗೆ, ಬೆಣ್ಣೆ ಸವರಿದ ಹಾಗೆ. ಸಿಂಗಲ್ ಕಾಯಿಲ್ ಗಾಜಿನ ಬಳೆಯ ಥರ, ಬೆರಳಿನ ತಪ್ಪನ್ನೂ ಮುಚ್ಚಿಡೋದಿಲ್ಲ. ಇವೆರಡರ ನಡುವೆ ಪಿ-90 ಅಂತ ಒಂದಿದೆ, 1946ರಿಂದ ಗಿಬ್ಸನ್ ಹಾಕುತ್ತಿದ್ದದ್ದು. ಒಂದೇ ಸುರುಳಿ, ಆದರೆ ಅಗಲ. ಗುಂಯ್ ಅನ್ನುತ್ತದೆ, ಆದರೂ ದನಿಯಲ್ಲಿ ಒಂದು ಒರಟುತನ ಇದೆ, ನನಗೆ ಅದೇ ಪ್ರಾಣ. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ತೋರಿಸೋದಿಲ್ಲ, ಕೇಳಿ ತೆಗೆಸಬೇಕು.

ಪಿಕಪ್ ಯಾವ ಜಾತಿ ಅನ್ನುವಷ್ಟೇ ಮುಖ್ಯ ಎಲ್ಲಿ ಕೂತಿದೆ ಅನ್ನೋದು. ವೀಣೆ ಗೊತ್ತಿದ್ದವರಿಗೆ ಇದನ್ನು ಹೇಳಬೇಕಿಲ್ಲ. ಕುದುರೆಗೆ ಹತ್ತಿರ ಮೀಟಿದಷ್ಟೂ ದನಿ ತೆಳ್ಳಗೆ, ಚೂಪಾಗುತ್ತದೆ, ದೂರ ಬಂದಷ್ಟೂ ಮೆತ್ತಗಾಗುತ್ತದೆ. ಪಿಕಪ್ ಕೇಳಿಸಿಕೊಳ್ಳುವುದಕ್ಕೂ ಇದೇ ಲೆಕ್ಕ. ನೆಕ್ ಪಿಕಪ್ ತಂತಿ ಅಗಲವಾಗಿ ಅಲುಗುವ ಕಡೆ ಇರುತ್ತದೆ, ಬ್ರಿಡ್ಜ್ (ಗಿಟಾರಿನ ಕುದುರೆ) ಪಿಕಪ್ ತಂತಿ ಬಿಗಿಯಾಗಿ ನಿಂತಿರುವ ಕಡೆ. ಟೋನ್ ನಾಬ್ ಸ್ವಲ್ಪ ಇಳಿಸಿ ನೆಕ್ ಪಿಕಪ್‌ನಲ್ಲಿ ನಿಧಾನಕ್ಕೆ ತೋಡಿ ರಾಗ ಎಳೆದು ನೋಡಿ, ಗಮಕ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ಗೊತ್ತಾಗುತ್ತದೆ. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಅಷ್ಟು ಉದ್ದದ ಸ್ವರ ನಿಲ್ಲಿಸಿದ್ದನ್ನು ಕೇಳಿ ಬೆಳೆದ ನಮಗೆ, ಈ ಪಿಕಪ್ ಬರೀ ರಾಕ್‌ನವರ ಸೊತ್ತು ಅಂತ ಯಾರೂ ಹೇಳುವ ಹಾಗಿಲ್ಲ.

ಸ್ಟ್ರಾಟ್‌ನ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದರ ಸ್ವಿಚ್ಚು. ಗಿಟಾರ್ ಬಂದದ್ದು 1954ರಲ್ಲಿ, ಮೂರು ಪಿಕಪ್, ಸ್ವಿಚ್ಚಿಗೂ ಮೂರೇ ಜಾಗ. ಒಂದು ಸಲಕ್ಕೆ ಒಂದೇ ಪಿಕಪ್ ಅಂತ ಲೆಕ್ಕ. ಆದರೆ ನುಡಿಸುವವರು ಸ್ವಿಚ್ಚನ್ನು ಎರಡು ಜಾಗದ ನಡುವೆ ತಂದು ನಿಲ್ಲಿಸಿದರು, ಎರಡು ಪಿಕಪ್ ಒಟ್ಟಿಗೆ ಮಾತಾಡಿದವು, ಯಾರೂ ಯೋಚಿಸಿರದ ಒಂದು ಟೊಳ್ಳು ಟೊಳ್ಳಾದ, ಮೂಗಿನಿಂದ ಬಂದಂಥ ದನಿ ಹುಟ್ಟಿತು. ಫೆಂಡರ್ ಕಂಪನಿ ಐದು ಜಾಗದ ಸ್ವಿಚ್ ಕೊಟ್ಟಿದ್ದು 1977ರಲ್ಲಿ. ಅಲ್ಲಿಯವರೆಗೆ ಜನ ಸ್ವಿಚ್ಚನ್ನು ಅರ್ಧಕ್ಕೆ ಸಿಕ್ಕಿಸಿಕೊಂಡೇ ನುಡಿಸಿದರು. ಈ ಗಿಟಾರ್ ಮಾಡಿದ ಲಿಯೊ ಫೆಂಡರ್ ಮೂಲತಃ ರೇಡಿಯೊ ರಿಪೇರಿಯವರು, ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್‌ನಲ್ಲಿ ಅಂಗಡಿ. ನಮ್ಮ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಇದ್ದಿದ್ದರೂ ಸರಿಹೋಗುತ್ತಿದ್ದ ಮನುಷ್ಯ.

ಎಸ್.ಪಿ. ರಸ್ತೆ ಅಂದ ಮೇಲೆ ನನ್ನ ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಆ ಸಿಂಗಲ್ ಕಾಯಿಲ್ ಗಿಟಾರಿನ ವಾಲ್ಯೂಮ್ ಪಾಟ್ (ನಾಬಿನ ಕೆಳಗಿರುವ ರೆಸಿಸ್ಟರ್) ಹಳೇದಾಗಿ ಕರಕರ ಅನ್ನುತ್ತಿತ್ತು. ಜಾಸ್ತಿ ನಂಬರ್ ಇದ್ದರೆ ಒಳ್ಳೇದು ಅಂದುಕೊಂಡು 250 ಕೆ (ಕಿಲೋ ಓಮ್) ಇದ್ದ ಕಡೆ 500 ಕೆ ಹಾಕಿದೆ. ಬ್ರಿಡ್ಜ್ ಪಿಕಪ್ ಹಲ್ಲಿನ ಡಾಕ್ಟರ ಡ್ರಿಲ್ ಥರ ಕೇಳಿಸತೊಡಗಿತು. 500 ಕೆ ಇರೋದು ಹಂಬಕರ್‌ಗೆ, ಅದರ ಮಂದ ದನಿಗೆ ಸ್ವಲ್ಪ ಬೆಳಕು ಬರಲಿ ಅಂತ. ಸಿಂಗಲ್ ಕಾಯಿಲ್‌ಗೆ 250 ಸಾಕು, ಅತಿ ಚೂಪನ್ನು ಅದೇ ಸೋರಿಸಿಬಿಡುತ್ತದೆ. ಮತ್ತೆ ಹೋಗಿ 250 ಕೇಳಿದರೆ "220 ಇದೆ, ಕೊಡ್ಲಾ?" ಅಂದರು. ತಂದು ಹಾಕಿದೆ. ಇವತ್ತಿಗೂ ಅದೇ ಇದೆ, ಏನೂ ತೊಂದರೆಯಿಲ್ಲ.

ನಂಬರ್ ನೋಡಿ ಮೋಸಹೋಗುವ ಇನ್ನೊಂದು ಜಾಗ ಪಿಕಪ್ಪಿನ ಓಮ್ಸ್, ಅಂದರೆ ಸುರುಳಿಯ ರೆಸಿಸ್ಟೆನ್ಸ್. ಸ್ಟ್ರಾಟ್‌ನದು ಸುಮಾರು 6 ಕಿಲೋ ಓಮ್, ಹಳೇ ಶೈಲಿಯ ಹಂಬಕರ್‌ನದು 8ರ ಹತ್ತಿರ, ಮೆಟಲ್‌ಗೆ ಅಂತ ಸುತ್ತಿದ್ದು 14, 16 ಹೀಗೆ ಹೋಗುತ್ತದೆ. ಜಾಸ್ತಿ ಸುತ್ತಿದರೆ ಜೋರು ಬರುತ್ತದೆ, ನಿಜ. ಆದರೆ ಅದರ ಜೊತೆ ಮೇಲಿನ ಸ್ವರಗಳು ಮಂಕಾಗುತ್ತವೆ. ಅಲ್ಲದೆ ಇನ್ನೂ ತೆಳು ವೈರ್ ಬಳಸಿದರೂ ಓಮ್ಸ್ ಏರುತ್ತದೆ, ಜೋರು ಏರಬೇಕೆಂದೇನಿಲ್ಲ. ಜಾಹೀರಾತಿನಲ್ಲಿ ಓಮ್ಸ್ ನೋಡಿ ಗಿಟಾರ್ ಕೊಳ್ಳೋದು ಕುಕ್ಕರಿನ ವಿಷಲ್ ಎಣಿಸಿ ಅನ್ನದ ರುಚಿ ಹೇಳಿದ ಹಾಗೆ. ಮ್ಯಾಗ್ನೆಟ್ ವಿಷಯದಲ್ಲೂ ಅಷ್ಟೆ. ಆಲ್ನಿಕೊ (ಒಂದು ಮಿಶ್ರಲೋಹ) 5 ಗಟ್ಟಿ, ಆಲ್ನಿಕೊ 2 ಸ್ವಲ್ಪ ಮೃದು, ಸೆರಾಮಿಕ್ ಅಗ್ಗ ಅಂತ ಹೇಳುತ್ತಾರೆ. ಆದರೆ ದುಬಾರಿ ಜೋರು ಹಂಬಕರ್‌ಗಳಲ್ಲೂ ಸೆರಾಮಿಕ್ಕೇ ಇರುತ್ತದೆ.

ಗಿಟಾರ್ ಆಗಲೇ ಮನೆಯಲ್ಲಿದ್ದು ದನಿ ಹಿಡಿಸುತ್ತಿಲ್ಲ ಅಂದರೆ ಪಿಕಪ್ ಬದಲಿಸುವ ಮುಂಚೆ ಒಂದು ಸ್ಕ್ರೂಡ್ರೈವರ್ ಹುಡುಕಿ. ಪಿಕಪ್ಪಿನ ಎರಡೂ ತುದಿಗೆ ಸ್ಕ್ರೂ ಇರುತ್ತದೆ, ತಿರುಗಿಸಿದರೆ ಅದು ಏಳುತ್ತದೆ, ಇಳಿಯುತ್ತದೆ. ಕೊನೇ ಫ್ರೆಟ್ ಒತ್ತಿ ಹಿಡಿದು ಸ್ಕೇಲ್ ಇಟ್ಟು ನೋಡಿ. ಸ್ಟ್ರಾಟ್ ಥರದ್ದಾದರೆ ತೆಳು ತಂತಿಯ ಕಡೆ 2 ಮಿಲಿಮೀಟರ್, ದಪ್ಪ ತಂತಿಯ ಕಡೆ ಸುಮಾರು ಎರಡೂವರೆ ಇಟ್ಟುಕೊಂಡು ಶುರು ಮಾಡಬಹುದು. ಅಲ್ಲಿಂದ ಕಾಲು ಸುತ್ತು, ಇನ್ನೊಂದು ಕಾಲು ಸುತ್ತು. ತಂಬೂರಿಗೆ ಜೀವಾಳದ ದಾರ ಸರಿಸುತ್ತಾರಲ್ಲ, ಕೂದಲೆಳೆಯಷ್ಟು ಅತ್ತ ಇತ್ತ ಮಾಡುತ್ತಾ ಇದ್ದಕ್ಕಿದ್ದಂತೆ ದನಿ ತೆರೆದುಕೊಳ್ಳುವ ಜಾಗ ಸಿಗುತ್ತದಲ್ಲ, ಇದೂ ಹಾಗೇ. ತೀರಾ ಹತ್ತಿರ ತಂದರೆ ಮ್ಯಾಗ್ನೆಟ್ ತಂತಿಯನ್ನೇ ಎಳೆಯುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಅಲ್ಲಾಡಿ ಸ್ವರ ಬೇಗ ಸಾಯುತ್ತದೆ. ನನಗೆ ಈ ಸ್ಕ್ರೂ ವಿಷಯ ಮೊದಲೇ ಗೊತ್ತಿದ್ದಿದ್ದರೆ ಆ ಮೊದಲ ಗಿಟಾರನ್ನು ಮಾರುತ್ತಿರಲಿಲ್ಲವೇನೋ.

ಸರಿ, ಅಂಗಡಿಗೆ ಬರೋಣ. ಹುಡುಗನ ಕೈಗೆ ಮೊದಲು ಪ್ಲಗ್ ಹಾಕದೇ ಗಿಟಾರ್ ಕೊಡಿಸಿದೆ. ಆಮೇಲೆ ಚಿಕ್ಕ ಆಂಪ್, ಗೇನ್ ಇಲ್ಲ. ಪ್ರತಿ ಗಿಟಾರಿನಲ್ಲೂ ಅದೇ ಎರಡು ಕಾರ್ಡ್, ಅದೇ ಒಂದು ಸಾಲು, ಸ್ವಿಚ್ಚಿನ ಪ್ರತಿ ಜಾಗದಲ್ಲೂ. ವಾಲ್ಯೂಮ್ 10, ಆಮೇಲೆ 6. ಒಳ್ಳೇ ಪಿಕಪ್ 6ಕ್ಕೆ ಇಳಿದರೂ ಮಾತು ಸ್ಪಷ್ಟ ಇರುತ್ತದೆ, ಕೆಲವದು ಕಂಬಳಿ ಹೊದ್ದ ಹಾಗೆ ಆಗುತ್ತದೆ. ಗೇನ್ ಕೊನೆಗೆ ಕೊಟ್ಟೆ, ಪಾಪ, ಅವನು ಬಂದದ್ದೇ ಅದಕ್ಕೆ. ಅಂಗಡಿಯವರಿಗೆ ಅಷ್ಟು ಹೊತ್ತಿಗೆ ನಮ್ಮ ಮೇಲೆ ಬೇಜಾರು ಬಂದಿತ್ತು.

ನನ್ನ ಮನಸ್ಸಿನಲ್ಲಿದ್ದದ್ದು ನೆಕ್ ಮತ್ತು ಮಧ್ಯದಲ್ಲಿ ಸಿಂಗಲ್ ಕಾಯಿಲ್, ಬ್ರಿಡ್ಜ್‌ನಲ್ಲಿ ಹಂಬಕರ್ ಇರುವ ಗಿಟಾರ್. ಎಚ್‌ಎಸ್‌ಎಸ್ ಅಂತಾರಲ್ಲ, ಅದು. ಇನ್ನೂ ಯಾವ ಸಂಗೀತ ಅಂತ ಗೊತ್ತಿಲ್ಲದ ಹದಿನೆಂಟರ ಹುಡುಗನಿಗೆ ಅದಕ್ಕಿಂತ ಸರಿಯಾದ್ದು ಇಲ್ಲ ಅಂತ ಈಗಲೂ ನನ್ನ ನಂಬಿಕೆ. ಅವನು ಅದನ್ನು ಇಪ್ಪತ್ತು ನಿಮಿಷ ನುಡಿಸಿ, ಚೆನ್ನಾಗಿದೆ ಅಂದು, ಕೆಳಗಿಟ್ಟ. ಎತ್ತಿಕೊಂಡದ್ದು ಎರಡು ಹಂಬಕರ್ ಇರುವುದನ್ನು, ಟೋನ್ ನಾಬ್ ಮೇಲಕ್ಕೆ ಎಳೆದರೆ ಹಂಬಕರ್‌ನ ಒಂದು ಸುರುಳಿ ಆಫ್ ಆಗಿ ಸಿಂಗಲ್ ಕಾಯಿಲ್ ಆಗುತ್ತದೆ. "ಮಾಮ, ಇದರ ನೆಕ್ ಪಿಕಪ್ ಕೇಳು," ಅಂತ ಅದೇ ಸಾಲನ್ನು ಮೂರು ಸಲ ನುಡಿಸಿದ. ಕಿವಿ ಸರಿಯಾಗಿದೆ ಅನ್ನಿಸಿತು. ಬಣ್ಣ ಕಪ್ಪಲ್ಲ, ಒಂಥರಾ ಬೆಲ್ಲದ ಬಣ್ಣ. ದುಡ್ಡು ಕೊಟ್ಟೆ, ಸಂಜೆ ರೈಲು ಹತ್ತಿಸಿದೆ.

ರಾತ್ರಿ ಹನ್ನೊಂದಕ್ಕೆ ಫೋನ್. "ಮಾಮ, ಅಂಗಡಿಯಲ್ಲಿ ಹೀಗಿರಲಿಲ್ಲ. ನಾಬ್ ಎಳೆದ ತಕ್ಷಣ ಗುಂಯ್ ಅನ್ನುತ್ತೆ. ಕೆಟ್ಟುಹೋಗಿದೆಯಾ?"

"ನಾಬ್ ಒತ್ತಿದರೆ?"

"ಒತ್ತಿದರೆ ನಿಲ್ಲುತ್ತೆ."

"ಕೆಟ್ಟಿಲ್ಲ. ಗಿಟಾರ್ ಹಾಗೇ ಹಿಡಿದುಕೊಂಡು ಎದ್ದು ನಿಂತು, ನಿಧಾನಕ್ಕೆ ತಿರುಗು."

ಆ ಕಡೆ ಗುಂಯ್ ಏರಿತು, ಇಳಿಯಿತು, ನಿಂತಿತು.

"ಈಗ ನಿನ್ನ ಮುಖ ಯಾವ ಕಡೆ ಇದೆ?"

"ದೇವರಮನೆ ಕಡೆ," ಅಂದ.

ಅಕ್ಕನಿಗೆ ಖುಷಿಯಾಗಬಹುದು.