ಡೆಟ್ರಾಯಿಟ್‌ನ ಗೋಡೆಯ ಮೇಲೆ ಅಪ್ಪನ ಫ್ಯಾಕ್ಟರಿ

"ಅಕ್ಕ, ನಯಾಗರಾಕ್ಕೆ ಹೋಗೋಣ ಅಂದ್ರೆ ಮ್ಯೂಸಿಯಂ ಅಂತೀಯಲ್ಲ" ಅಂದ ತಮ್ಮ. ಅವನ ಮನೆ ಅಮೆರಿಕದ ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿ. ಹದಿನೈದು ವರ್ಷದಿಂದ ಅಲ್ಲೇ ಇದ್ದರೂ ಡೆಟ್ರಾಯಿಟ್ ಊರೊಳಗೆ ಅವನು ಹೋಗಿದ್ದು ಕಡಿಮೆ. ನಾನು ಬಿಡಲಿಲ್ಲ. ನವೆಂಬರ್ ಚಳಿಯಲ್ಲಿ ಬೆಳಿಗ್ಗೇನೇ ಹೊರಟೆವು.

ದಾರಿಯಲ್ಲಿ ಕೆಲವು ಬೀದಿಗಳಲ್ಲಿ ಒಂದು ಮನೆ ಇದ್ದರೆ ಪಕ್ಕದ ಮೂರು ಸೈಟು ಖಾಲಿ. ಬರೀ ಹುಲ್ಲು. 1950ರಲ್ಲಿ 18 ಲಕ್ಷಕ್ಕಿಂತ ಜಾಸ್ತಿ ಜನ ಇದ್ದ, ಕಾರು ಕಾರ್ಖಾನೆಗಳ ಊರು ಇದು. 2020ರ ಜನಗಣತಿಯಲ್ಲಿ ಉಳಿದದ್ದು ಸುಮಾರು 6 ಲಕ್ಷ 40 ಸಾವಿರ. ನಾನು ಭದ್ರಾವತಿಯವಳು. ಕಾರ್ಖಾನೆ ಸೊರಗಿದರೆ ಊರು ಹೇಗಾಗುತ್ತೆ ಅಂತ ನಮ್ಮ ಕ್ವಾರ್ಟರ್ಸ್ ಸಾಲುಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಇರೋದು ವುಡ್‌ವರ್ಡ್ ಅವೆನ್ಯೂದಲ್ಲಿ. ತಮ್ಮನಿಗೆ ಟಿಕೆಟ್ ಇಲ್ಲ. ಸುತ್ತಲಿನ ಮೂರು ಕೌಂಟಿಗಳ ಜನ 2012ರಲ್ಲಿ ವೋಟು ಹಾಕಿ, ಮ್ಯೂಸಿಯಂಗೋಸ್ಕರ ತಮ್ಮ ಮನೆ ತೆರಿಗೆ ಜಾಸ್ತಿ ಮಾಡಿಕೊಂಡರಂತೆ. ಅದಕ್ಕೇ ಅವರಿಗೆ ಪ್ರವೇಶ ಉಚಿತ. ವ್ಯಾನ್ ಗೋ, ಬ್ರೂಗಲ್‌ನಂಥ ಚಿತ್ರಕಾರರೆಲ್ಲ ಇದ್ದಾರೆ ಒಳಗೆ. ನಾನು ನೇರ ಹೋಗಿದ್ದು ನಡುವಿನ ಹಾಲ್‌ಗೆ.

ನಾಲ್ಕೂ ಗೋಡೆ ತುಂಬ ಫ್ಯಾಕ್ಟರಿ! ಮೆಕ್ಸಿಕೋದ ಡಿಯೇಗೋ ರಿವೇರಾ 1932-33ರಲ್ಲಿ ಬರೆದ 27 ಚಿತ್ರಗಳು. ಹಸಿ ಗಾರೆಯ ಮೇಲೆ, ಅದು ಒಣಗುವುದರೊಳಗೆ ಬರೆದವು. ಪಕ್ಕದ ಡಿಯರ್‌ಬಾರ್ನ್‌ನಲ್ಲಿರುವ ಫೋರ್ಡ್‌ನ ರೂಜ್ ಕಾರ್ಖಾನೆಯನ್ನು ಅವನು ದಿನಗಟ್ಟಲೆ ಸುತ್ತಿ ನೋಡಿದ್ದ. ದುಡ್ಡು ಕೊಟ್ಟಿದ್ದು ಹೆನ್ರಿ ಫೋರ್ಡ್ ಮಗ ಎಡ್ಸೆಲ್. ರಿವೇರಾ ಊರಿಗೆ ಬರುವುದಕ್ಕೆ ಒಂದು ತಿಂಗಳು ಮುಂಚೆ, ಕೆಲಸ ಕೇಳಿಕೊಂಡು ಅದೇ ಕಾರ್ಖಾನೆಗೆ ಮೆರವಣಿಗೆ ಬಂದವರ ಮೇಲೆ ಗುಂಡು ಹಾರಿ ಜನ ಸತ್ತಿದ್ದರು. ಇದನ್ನು ತಿಳಿದು ನೋಡಿದರೆ ಗೋಡೆಯ ಮೇಲಿನ ಒಂದೊಂದು ಮುಖವೂ ಬೇರೆ ಥರ ಕಾಣುತ್ತೆ.

ಉತ್ತರದ ಗೋಡೆಯಲ್ಲಿ ಮೇಲೆ ಫರ್ನೇಸಿನ ಬೆಂಕಿ. ಕೆಳಗೆ ಮೈಯೆಲ್ಲ ವಾಲಿಸಿ ಎಂಜಿನ್ ಬ್ಲಾಕ್ ಎಳೆಯುವ ಗಂಡಸರು. "ವಿ8 ಎಂಜಿನ್ನು, 1932ರದ್ದು" ಅಂತ ತಮ್ಮ ಒಂದೊಂದೇ ಮೆಷಿನ್ ತೋರಿಸಿ ಹೇಳತೊಡಗಿದ. ಅವನ ಕೆಲಸವೂ ಕಾರಿನದ್ದೇ. ನಯಾಗರಾ ಮರೆತೇ ಹೋಗಿತ್ತು ಅವನಿಗೆ.

ನನ್ನ ಕಣ್ಣು ಇನ್ನೂ ಮೇಲಿತ್ತು. ಅಲ್ಲಿ ಎರಡು, ಎದುರಿನ ದಕ್ಷಿಣದ ಗೋಡೆಯಲ್ಲಿ ಎರಡು, ಮಲಗಿದ ನಾಲ್ಕು ದೊಡ್ಡ ಆಕೃತಿಗಳು. ಕೆಂಪಗಿರುವುದು ಕಬ್ಬಿಣದ ಅದಿರು, ಕಪ್ಪು ಕಲ್ಲಿದ್ದಲು, ಬಿಳಿ ಸುಣ್ಣದಕಲ್ಲು, ಹಳದಿ ಮರಳು. ಅಪ್ಪ ನಮಗೆ ಕಾರ್ಖಾನೆ ಬಗ್ಗೆ ಹೇಳಿದ್ದೇ ಇಷ್ಟು: ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಮೊದಮೊದಲು ಕಲ್ಲಿದ್ದಲ ಬದಲು ಮಲೆನಾಡಿನ ಕಾಡಿನ ಇದ್ದಿಲು ಸುಡುತ್ತಿದ್ದರು ಅಂತ. ಗೇಟಿನ ಒಳಗೆ ಏನು ಮಾಡುತ್ತಿದ್ದರು, ಹೇಳಲಿಲ್ಲ. ನಾವೂ ಕೇಳಲಿಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿ ಸೈಕಲ್ ಒಳಗಿಡುವ ಸದ್ದು ನಿದ್ದೆಗಣ್ಣಲ್ಲಿ ಕೇಳಿಸುತ್ತಿತ್ತು. ಖಾಕಿ ಅಂಗಿಯ ಎದೆ ಮೇಲೆ, ತೋಳ ಮೇಲೆ ಕಿಡಿ ಹಾರಿ ಸಾಸಿವೆಯಷ್ಟು ತೂತುಗಳು. ಅಮ್ಮ ದೀಪಕ್ಕೆ ಹಿಡಿದು ಎಣಿಸಿ ಎಣಿಸಿ ರಫೂ ಹಾಕುತ್ತಿದ್ದರು. ಆ ಕಿಡಿ ಎಲ್ಲಿಂದ ಹಾರುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಐವತ್ತೆರಡನೇ ವಯಸ್ಸಿನಲ್ಲಿ, ಈ ಗೋಡೆಯ ಮುಂದೆ.

ಈ ಚಿತ್ರಗಳಿಗೆ ಆಗಲೇ ಸುಣ್ಣ ಹೊಡೆಸಿ ಅಂದವರಿದ್ದರು. ಎಡ್ಸೆಲ್ ಒಪ್ಪಲಿಲ್ಲ. 2013ರಲ್ಲಿ ಊರೇ ದಿವಾಳಿ ಆಯಿತು. ಆಗ ಸಾಲ ಕೊಟ್ಟವರ ಕಣ್ಣು ಬಿದ್ದಿದ್ದು ಮ್ಯೂಸಿಯಂನ ಚಿತ್ರಗಳ ಮೇಲೆ. ಕೊನೆಗೆ ಫೌಂಡೇಶನ್‌ಗಳು, ಮಿಷಿಗನ್ ಸರ್ಕಾರ, ಮ್ಯೂಸಿಯಂನ ದಾನಿಗಳು ಸೇರಿ 80 ಕೋಟಿ ಡಾಲರ್‌ಗೂ ಜಾಸ್ತಿ ಕೊಡಲು ಒಪ್ಪಿದರು. ಅದು ಹೋಗಿದ್ದು ನಗರಾಡಳಿತದ ನಿವೃತ್ತ ನೌಕರರ ಪಿಂಚಣಿ ನಿಧಿಗೆ. ಹಾಗಿದ್ದರೂ ಅವರಲ್ಲಿ ಎಷ್ಟೋ ಜನ ಪಿಂಚಣಿ ಕಡಿತಕ್ಕೆ ಒಪ್ಪಬೇಕಾಯಿತು. ಚಿತ್ರ ಉಳಿದ ಕಥೆಯನ್ನು ಹೇಳುವಾಗ ಆ ಮುದುಕರನ್ನೂ ನೆನೆಯಬೇಕು. ಪಿಂಚಣಿ ದುಡ್ಡಿನ ಬೆಲೆ ಏನು ಅಂತ ನಮ್ಮಂಥ ಮನೆಯವರಿಗೆ ಗೊತ್ತು.

ಹೊರಡೋಣ ಅಂತ ತಿರುಗಿದರೆ ತಮ್ಮ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಕೆಳಸಾಲಿನಲ್ಲಿ ಬಣ್ಣವಿಲ್ಲದ ಸಣ್ಣ ಚಿತ್ರಗಳು, ಕಾರ್ಮಿಕನ ಒಂದು ದಿನ. ಕಾರ್ಡ್ ಪಂಚ್ ಮಾಡುವುದು, ಊಟಕ್ಕೆ ಕೂರುವುದು.

"ಅಕ್ಕ, ಇಲ್ನೋಡೇ. ಊಟದ ಟೈಮು."

ಫೋಟೋ ತೆಗೆದು ಅಮ್ಮನಿಗೆ ಕಳಿಸಿದ. ಭದ್ರಾವತಿಯಲ್ಲಿ ಆಗ ರಾತ್ರಿ ಎಂಟೂವರೆ. ಸ್ವಲ್ಪ ಹೊತ್ತಿಗೆ ಅಮ್ಮನ ವಾಯ್ಸ್ ಮೆಸೇಜ್ ಬಂತು. "ದಿನಾ ಡಬ್ಬಿ ಕಟ್ಟಿ ಕೊಡ್ತಿದ್ದೆ. ನಿಮ್ಮಪ್ಪ ಎಲ್ಲಿ ಕೂತು ತಿಂತಿದ್ರು ಅಂತ ನಾನೂ ನೋಡಿರ್ಲಿಲ್ಲ ಕಣೋ. ಇನ್ನೊಂದು ಸ್ವಲ್ಪ ಹತ್ರದಿಂದ ತೆಗೆದು ಕಳ್ಸು."